ಮಿಂಚಿಲ್ಲದ ಕಂದು ಬಣ್ಣ

ಕಾಸರಗೋಡಿನಲ್ಲಿ ನನ್ನನ್ನು ಮೊದಲು ಬೆಚ್ಚಿಸಿದ್ದು ಮಲಯಾಳವಲ್ಲ, ಕನ್ನಡ. ಹಾವೇರಿಯಿಂದ ಬಂದಿಳಿದ ಮರುದಿನ ಬೆಳಿಗ್ಗೆ ಬಾವಿಯ ಬಳಿ ಕೊಡ ಹಿಡಿದು ನಿಂತಿದ್ದೆ. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ನಡುವಯಸ್ಸಿನ ಹೆಂಗಸೊಬ್ಬರು ಹತ್ತಿರ ಬಂದು, "ಪದಾರ್ಥ ಎಂತ?" ಎಂದು ಕೇಳಿದರು. ಎರಡೂ ಕನ್ನಡದ ಮಾತೇ, ಆದರೆ ಅರ್ಥವಾಗಲಿಲ್ಲ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬಿಟ್ಟರೆ ಪದಾರ್ಥವನ್ನು ನಾನು ಬೇರೆಲ್ಲೂ ಕಂಡವಳಲ್ಲ. ನಕ್ಕೆ. ಅವರೂ ನಕ್ಕರು. ಆಗಲೇ ಕಂಡದ್ದು, ಆ ಮುಖದಲ್ಲಿ ಹುಬ್ಬುಗಳೇ ಇರಲಿಲ್ಲ.

ಪದಾರ್ಥವೆಂದರೆ ಇಲ್ಲಿ ಅನ್ನಕ್ಕೆ ಕಲಸಿಕೊಳ್ಳುವಂಥದ್ದು. ತರಕಾರಿಯದಾಗಲಿ, ಮೀನಿನದಾಗಲಿ, ಹೆಸರು ಒಂದೇ. ನಾವು ಬಾಡಿಗೆಗೆ ಹಿಡಿದ ಮನೆಗೆ 'ಕ್ವಾರ್ಟರ್ಸ್' ಎನ್ನುತ್ತಿದ್ದರು. ನಮ್ಮ ಕಡೆ ಅದು ಸರ್ಕಾರಿ ನೌಕರರ ಮನೆ. ಇಲ್ಲಿ ಯಾರಾದರೂ ತಮ್ಮ ಹಿತ್ತಲಲ್ಲಿ ಸಾಲಾಗಿ ಕಟ್ಟಿ ಬಾಡಿಗೆಗೆ ಕೊಟ್ಟ ಮನೆಗಳು. ನನ್ನ ಗಂಡನಿಗೆ ಲಾರಿ ದುರಸ್ತಿ ಮಾಡುವ ಗ್ಯಾರೇಜಿನಲ್ಲಿ ಕೆಲಸ. ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಬರುತ್ತಿದ್ದ. ನಾನು ಹಾವೇರಿಯ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡಿದವಳು, ಇಲ್ಲಿಯೂ ಸಿಗುತ್ತದೆಂದು ನಂಬಿದ್ದೆ. ಆದರೆ ಹೋದ ಕಡೆಯಲ್ಲೆಲ್ಲ "ಮಲಯಾಳಂ ಅರಿಯಾಮೋ?" ಎಂದು ಕೇಳಿದರು, ಮಲಯಾಳ ಬರುತ್ತದಾ ಎಂದು. ನಾನು ತಲೆ ಅಲ್ಲಾಡಿಸಿ ಹಿಂದಿರುಗುತ್ತಿದ್ದೆ. ಅವರದ್ದೂ ತಪ್ಪಲ್ಲ. ಹುಬ್ಬು ತೀಡಿಸಿಕೊಳ್ಳಲು ಬಂದವರು ಮಾತಾಡಬಯಸುತ್ತಾರೆ. ಮೂಕಿಯ ಕೈಗೆ ಯಾರೂ ಮುಖ ಒಪ್ಪಿಸುವುದಿಲ್ಲ.

ಆ ತಿಂಗಳುಗಳಲ್ಲಿ ನನಗೆ ರೊಟ್ಟಿ ಬಡಿಯುವ ಸಪ್ಪಳದ ನೆನಪು ಬಹಳ ಬರುತ್ತಿತ್ತು. ಊರಿಂದ ತಂದ ಕಟಕ ರೊಟ್ಟಿ, ಒಣಗಿಸಿಟ್ಟರೆ ತಿಂಗಳಾದರೂ ಕೆಡದಂಥದ್ದು, ಮುಗಿದಿತ್ತು. ಜೋಳದ ಹಿಟ್ಟು ಸಿಗದೆ ಕುಚ್ಚಲಕ್ಕಿಯ ದಪ್ಪ ಅನ್ನ ರೂಢಿ ಮಾಡಿಕೊಂಡೆ. ಮಾತಾಡಲು ಸಿಕ್ಕವರು ಬಾವಿಯ ಬಳಿ ಕಂಡ ಸುಮತಿ ಅಕ್ಕ ಒಬ್ಬರೇ. ಕ್ವಾರ್ಟರ್ಸಿನ ಒಡತಿ ಅವರು. ಮನೆಮಾತು ತುಳು, ಗಂಡ ಶಾರ್ಜಾದಲ್ಲಿ, ಒಬ್ಬಳೇ ಮಗಳು ಸೌಮ್ಯ. ಸುಮತಿ ಅಕ್ಕನ ಎದೆಯ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಮದ್ದಿಗೆ ತಲೆಗೂದಲು, ಹುಬ್ಬು, ರೆಪ್ಪೆಗೂದಲು ಎಲ್ಲ ಉದುರಿದ್ದವು. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ, ಎತ್ತಿ ಹೇಳುತ್ತಲೂ ಇರಲಿಲ್ಲ.

ಚಿಕಿತ್ಸೆ ಮುಗಿಯುವ ಹೊತ್ತಿಗೆ ಸೌಮ್ಯಳ ಮದುವೆ ಹತ್ತಿರ ಬಂತು. ಒಂದು ಮಧ್ಯಾಹ್ನ ಸೌಮ್ಯ ಕಣ್ಣು ಕೆಂಪು ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ಅಮ್ಮ ಧಾರೆ ಎರೆಯುವುದಿಲ್ಲವಂತೆ. ಸೋದರಮಾವ, ಅತ್ತೆ ಎರೆಯಲಿ ಅಂತಾರೆ. ನೀವಾದರೂ ಹೇಳಿ ಅಕ್ಕ."

ಧಾರೆಯೆಂದರೆ ತಂದೆತಾಯಿ ನೀರೆರೆದು ಮಗಳನ್ನು ಒಪ್ಪಿಸಿಕೊಡುವ ಗಳಿಗೆ. ನಾನು ಹೊರಗಿನವಳು, ಯಾವ ಸಲಿಗೆಯಿಂದ ಹೇಳಲಿ? ಆದರೂ ಹೋದೆ. ಸುಮತಿ ಅಕ್ಕ ಅಕ್ಕಿ ಆರಿಸುತ್ತ ಕೂತಿದ್ದರು.

"ಜನ ಎಂತ ಹೇಳ್ತಾರೆ ಅಂತ ಅಲ್ಲ," ಎಂದರು. "ಫೋಟೋ ಉಂಟಲ್ಲ, ಅದು ಉಳೀತದೆ. ನಾನು ಇರ್ತೇನೋ ಇಲ್ವೋ. ಇವಳು ಮುಂದೆ ಯಾವಾಗ ತೆಗೆದು ನೋಡಿದ್ರೂ ಅಮ್ಮ ಅಂದ್ರೆ ಈ ಮುಖವೇ ಆಗ್ತದೆ. ಅದು ನನಗೆ ಬೇಡ."

"ಹುಬ್ಬು ನಾನು ಬರೆದುಕೊಡ್ತೀನಿ," ಎಂದೆ.

ಅವರು ಅಕ್ಕಿಯಿಂದ ಕೈ ತೆಗೆಯದೆ ನನ್ನನ್ನೇ ನೋಡಿದರು. "ಕಾಡಿಗೆಯಲ್ಲಿ ಬರೆದು ನೋಡಿದ್ದೇನೆ. ವೇಷದ ಹಾಗೆ ಕಾಣ್ತದೆ."

ಕಾಡಿಗೆ, ಪೆನ್ಸಿಲ್ ಎರಡೂ ಗೆರೆ ಎಳೆಯುತ್ತವೆ. ಕೂದಲೇ ಇಲ್ಲದಲ್ಲಿ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಬೇಕಾದದ್ದು ನೆರಳು. ರೆಪ್ಪೆಗೆ ಹಚ್ಚುವ ಐಶ್ಯಾಡೋ ಪುಡಿಯನ್ನೇ ಸಣ್ಣ ಬ್ರಷ್ಷಿನಲ್ಲಿ ತೆಗೆದು ಹುಬ್ಬಿನ ಜಾಗದಲ್ಲಿ ತುಸು ತುಸುವೇ ತುಂಬಿದರೆ ನೆರಳು ಬರುತ್ತದೆಂದು ನನಗೆ ಗೊತ್ತಿತ್ತು. ದುಬಾರಿ ಡಬ್ಬಿ ನಮ್ಮಿಬ್ಬರ ಯೋಚನೆಯಲ್ಲೂ ಇರಲಿಲ್ಲ. ಮಂಗಳೂರಿನ ಡಾಕ್ಟರನ್ನು ಕೇಳಿದೆವು. ಹೊಸದಾಗಿ ಒಡೆದ ಡಬ್ಬಿಯಾಗಿರಲಿ, ಕಣ್ಣಿನ ಒಳಗೆ ಹೋಗದಿರಲಿ, ಮೊದಲು ಕೈಗೆ ಹಚ್ಚಿ ನೋಡಿ ಎಂದರು. ನಾನು ಮೊದಲು ನನ್ನ ರೆಪ್ಪೆಗೇ ಹಚ್ಚಿ ನೋಡುವುದೆಂದು ಹಟ ಹಿಡಿದೆ.

ಬಸ್ ನಿಲ್ದಾಣದ ಬಳಿಯ ಫ್ಯಾನ್ಸಿ ಅಂಗಡಿಯಲ್ಲಿ ತಂದ ಮೊದಲ ಪ್ಯಾಲೆಟ್ ತುಂಬ ಬಣ್ಣಗಳಿದ್ದವು, ನವಿಲುಗರಿಯ ಹಾಗೆ. ಹಾವೇರಿಯ ಮದುವಣಗಿತ್ತಿಯರು ಅಂಥದ್ದನ್ನೇ ಕೇಳುತ್ತಿದ್ದರು. ಅಲ್ಲಿನ ಒಣ ಬಿಸಿಲಿಗೆ ಪುಡಿ ಕೂತಲ್ಲೇ ಕೂರುತ್ತಿತ್ತು. ಇಲ್ಲಿ ಬೆವರಿಗೆ ಅರ್ಧ ಗಂಟೆಯಲ್ಲಿ ಕರಗಿ ಕೆನ್ನೆಗೆ ಇಳಿಯಿತು. ಎರಡನೆಯದರ ಕಂದು ಬಣ್ಣ ಡಬ್ಬಿಯಲ್ಲಿ ಚೆನ್ನಾಗಿತ್ತು, ಚರ್ಮದ ಮೇಲೆ ಇಟ್ಟಿಗೆಯ ಕೆಂಪಾಯಿತು. ಮೂರನೆಯದಕ್ಕೆ ನನ್ನ ಎಡಗಣ್ಣಿನ ರೆಪ್ಪೆ ಬಾತುಕೊಂಡಿತು. ಅದನ್ನು ನೋಡಿ ಸುಮತಿ ಅಕ್ಕ ಕೂತಲ್ಲೇ ಅತ್ತರು.

"ಬಿಡು ಮಾರಾಯ್ತಿ. ನನಗೋಸ್ಕರ ನೀನು ಕಣ್ಣು ಕಳ್ಕೊಳ್ಳುವುದು ಬೇಡ."

"ನಾಳೆ ಇಳೀತೈತಿ ಅಕ್ಕ," ಎಂದೆ. ಆತಂಕವಾದಾಗ ನನ್ನ ಬಾಯಲ್ಲಿ ಹಾವೇರಿ ಬರುತ್ತದೆ.

ಬಾವು ಇಳಿದ ಮೇಲೆ ದೊಡ್ಡ ಮೆಡಿಕಲ್ ಶಾಪೊಂದಕ್ಕೆ ಹೋದೆ. ಮದ್ದಿನ ಜೊತೆ ಸೋಪು, ಪೌಡರು, ಬಣ್ಣದ ಡಬ್ಬಿಗಳನ್ನೂ ಇಡುವ ಅಂಗಡಿ. ಕೌಂಟರಿನ ಹುಡುಗಿ ದಕ್ಷಿಣ ಕೇರಳದ ಕಡೆಯವಳು, ಕನ್ನಡ ಬಾರದು. ಹಿಂದಿನ ಸಂಜೆಯೇ ಸೌಮ್ಯಳಿಂದ ಒಂದು ವಾಕ್ಯ ಕಲಿತು ದಾರಿಯುದ್ದಕ್ಕೂ ಬಾಯೊಳಗೆ ಹೇಳಿಕೊಂಡಿದ್ದೆ.

"ತಿಳಕ್ಕಂ ಇಲ್ಲಾತ್ತದ್ ಉಂಡೋ?" ಮಿಂಚು ಇಲ್ಲದ್ದು ಉಂಟಾ?

ಅವಳು ನಗಲಿಲ್ಲ. ಕೆಳಗಿನ ಕಪಾಟಿನಿಂದ ಅಂಗೈಯಗಲದ ಡಬ್ಬಿಯೊಂದನ್ನು ತೆಗೆದಳು. ನಾಲ್ಕೇ ಬಣ್ಣ, ಎಲ್ಲ ಮಣ್ಣಿನ ಛಾಯೆ. ಯಾರೂ ಕೊಳ್ಳದೆ ಮುಚ್ಚಳದ ಮೇಲೆ ಧೂಳು ಕೂತಿತ್ತು, ಒಳಗಿನ ಸೀಲು ಹಾಗೇ ಇತ್ತು. ಯಾರಿಗೆ ಎಂದು ಕೇಳಿದಳು. ಮದುಮಗಳ ತಾಯಿಗೆ ಎನ್ನುವಷ್ಟು ಭಾಷೆ ನನ್ನಲ್ಲಿರಲಿಲ್ಲ. "ಅಮ್ಮಯ್ಕ್," ಎಂದೆ. ಅಮ್ಮನಿಗೆ. ನನ್ನ ಅಮ್ಮನಿಗೆ ಎಂದುಕೊಂಡಳು ಅವಳು. ನಾನು ತಿದ್ದಲಿಲ್ಲ. ತಿದ್ದಲು ಮಾತು ಬಾರದ್ದು ಒಂದು, ತಿದ್ದಬೇಕೆನಿಸದ್ದು ಇನ್ನೊಂದು.

ಆ ಬಣ್ಣ ನನ್ನ ರೆಪ್ಪೆಗೆ ಏನೂ ಮಾಡಲಿಲ್ಲ. ಅವರ ಕೈಗೂ ಏನೂ ಆಗಲಿಲ್ಲ. ಬೂದುಗಂದು ಮತ್ತು ಕಡುಗಂದನ್ನು ಬೆರೆಸಿ, ಅವರ ಹಳೆಯ ಫೋಟೋ ಒಂದನ್ನು ಎದುರಿಗಿಟ್ಟು ಬರೆದೆ. ಬಲಹುಬ್ಬು ಎಡಕ್ಕಿಂತ ತುಸು ಮೇಲಿತ್ತು ಅದರಲ್ಲಿ, ಹಾಗೆಯೇ ಮಾಡಿದೆ. ಸುಮತಿ ಅಕ್ಕ ಕನ್ನಡಿಯನ್ನು ಬೇಗ ಕೈಗೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡ ಮೇಲೆ ಬೇಗ ಕೆಳಗಿಡಲೂ ಇಲ್ಲ.

"ಧಾರೆ ನಾನೇ ಎರೀತೇನೆ ಅಂತ ಸೌಮ್ಯನಿಗೆ ಹೇಳು," ಎಂದರು. ಸೌಮ್ಯ ಬಾಗಿಲಲ್ಲೇ ನಿಂತಿದ್ದಳು.

ಮದುವೆಯ ಛತ್ರದಲ್ಲಿ ಸೆಕೆ ವಿಪರೀತ. ನಾನು ಮಂಟಪದ ಹಿಂದೆ ಡಬ್ಬಿ ಹಿಡಿದು ಕಾದಿದ್ದೆ. ಶಾರ್ಜಾದಿಂದ ಬಂದಿದ್ದ ಗಂಡನ ಪಕ್ಕದಲ್ಲಿ ನಿಂತು ಸುಮತಿ ಅಕ್ಕ ಧಾರೆ ಎರೆದರು. ಬೆವರು ಇಳಿಯುತ್ತಿತ್ತು, ಹುಬ್ಬು ನಿಂತಿತ್ತು. ಕ್ಯಾಮೆರಾದವನು ಬೇಕಾದಷ್ಟು ಫೋಟೋ ತೆಗೆದ. ಮಗಳನ್ನು ಕಳುಹಿಸಿಕೊಡುವಾಗ ಮಾತ್ರ ಅವರು ತಡೆಯಲಾರದೆ ಅತ್ತು, ಸೆರಗಿನಲ್ಲಿ ಮುಖವನ್ನು ಗಟ್ಟಿಯಾಗಿ ಒರೆಸಿಕೊಂಡರು. ಒಂದು ಹುಬ್ಬು ಪೂರ್ತಿ ಅಳಿಸಿಹೋಯಿತು. ಬ್ರಷ್ ಹಿಡಿದು ಓಡಿದ ನನ್ನ ಕೈಯನ್ನು ಅವರು ಮೆಲ್ಲಗೆ ಹಿಡಿದು ಕೆಳಗಿಳಿಸಿದರು.

"ಸಾಕು. ಇನ್ನು ಇದ್ದ ಹಾಗೆ ಇರ್ಲಿ."

ಹಾಗೆಯೇ ಬಂಧುಗಳ ನಡುವೆ ಹೋಗಿ, ಎಲ್ಲರಿಗೂ ಊಟ ಆಯಿತೇ ಎಂದು ವಿಚಾರಿಸಿದರು.

ಅವರ ಹುಬ್ಬು ಮುಂದೆ ತಾನಾಗಿ ಬೆಳೆಯಿತು, ಮೊದಲಿಗಿಂತ ತೆಳ್ಳಗೆ. ಈಗಲೂ ಆಗಾಗ ಮಂಗಳೂರಿಗೆ ತೋರಿಸಲು ಹೋಗುತ್ತಾರೆ. ಜೊತೆಗೆ ನಾನೂ ಹೋಗುತ್ತೇನೆ. ಆ ಮದುವೆಯಲ್ಲಿ ಕಂಡವರು ಒಬ್ಬೊಬ್ಬರಾಗಿ ಕರೆದಿದ್ದರಿಂದ ನನಗೆ ಮದುಮಗಳ ಅಲಂಕಾರದ ಕೆಲಸ ಸಿಕ್ಕಿತು. ಮಲಯಾಳ ಹರುಕು ಮುರುಕಾಗಿ ಬರುತ್ತದೆ, ತುಳು ಅದಕ್ಕಿಂತ ವಾಸಿ. ಆದರೂ ಇಲ್ಲಿ ನಾನು 'ಘಟ್ಟದವಳು', ಘಟ್ಟದ ಮೇಲಿನಿಂದ ಬಂದವಳು. ಹಾವೇರಿಗೆ ಹೋದರೆ ತಂಗಿಯ ಮಕ್ಕಳು 'ಕಾಸರಗೋಡು ದೊಡ್ಡವ್ವ' ಎನ್ನುತ್ತಾರೆ.

ಕಳೆದ ಸಲ ಊರಿಗೆ ಹೋದಾಗ, ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿದ್ದೆ. ಸುಮತಿ ಅಕ್ಕನ ಫೋನು ಬಂತು. "ಏಪ ಬರ್ಪ?" ಎಂದರು.

"ಎಲ್ಲೆ ಬರ್ಪೆ ಅಕ್ಕ," ಎಂದೆ.

ಫೋನಿಟ್ಟ ಮೇಲೆ ಅವ್ವ ಕೇಳಿದಳು, "ಏನಂದಿ?"

"ಯಾವಾಗ ಬರ್ತಿ ಅಂತ ಕೇಳಿದ್ರು. ನಾಳೆ ಬರ್ತೀನಿ ಅಂದೆ."

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಇಲ್ಲಿಗೆ ಬರಾಕೂ ಬರ್ತೀನಿ ಅಂತಿ. ಅಲ್ಲಿಗೆ ಹೋಗಾಕೂ ಬರ್ತೀನಿ ಅಂತಿ."

ಅವ್ವ ಡಬ್ಬಿಯಿಂದ ಇನ್ನೆರಡು ಹಿಡಿ ಹಿಟ್ಟು ತೆಗೆದು ಪರಾತಕ್ಕೆ ಹಾಕಿ, ಬಿಸಿನೀರು ಸುರಿದಳು.

"ಆ ಅಕ್ಕಗ ಕಟಕ ರೊಟ್ಟಿ ಸೇರ್ತಾವೇನು?" ಎಂದು ಕೇಳಿದಳು.