ತನಿಖೆಯ ದಿನದ ಗೈರುಹಾಜರಿ

ಐವತ್ತರ ದಶಕದಲ್ಲಿ ನಾನು ಉಪಾಧ್ಯಾಯನಾಗಿದ್ದ ಹಂಗಳದ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ, ಎಲ್ಲ ಜಾತಿಯ ಮಕ್ಕಳನ್ನೂ ಒಟ್ಟಿಗೆ ಕೂರಿಸತಕ್ಕದ್ದೆಂಬ ಆಜ್ಞೆ ಗೋಡೆಯ ಮೇಲಿತ್ತು. ಕೇರಿಯ ಆರು ಮಕ್ಕಳು ಜಗಲಿಯ ಮೇಲಿದ್ದರು. ಅವರನ್ನು ಒಳಗೆ ಕರೆದರೆ ತಮ್ಮ ಮಕ್ಕಳನ್ನು ಬಿಡಿಸುವುದಾಗಿ ಊರಿನ ಜಮೀನುದಾರರು ಹೇಳಿದ್ದರು. ಆದುದರಿಂದ ಇನ್ಸ್‌ಪೆಕ್ಟರು ತನಿಖೆಗೆ ಬರುವ ದಿನ ಜಗಲಿಯ ಮಕ್ಕಳಿಗೆ ಮಾತ್ರ ರಜೆ ಹೇಳುವುದು ನಮ್ಮ ಪದ್ಧತಿಯಾಗಿತ್ತು.

ಆ ವರ್ಷ ಅವರಲ್ಲೊಬ್ಬಳು ನಾಲ್ಕನೆಯ ತರಗತಿಯಲ್ಲಿದ್ದಳು. ಆ ತರಗತಿಯ ಪರೀಕ್ಷೆಯನ್ನು ಇನ್ಸ್‌ಪೆಕ್ಟರೇ ತನಿಖೆಯ ದಿನ ನಡೆಸುತ್ತಿದ್ದರು. ಅದರಲ್ಲಿ ತೇರ್ಗಡೆಯಾಗದೆ ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿಗೆ ಪ್ರವೇಶವಿರಲಿಲ್ಲ. ಒಳಗಿನವರು ತಡವರಿಸುವ ಭಾಗಾಕಾರವನ್ನು ಅವಳು ಹೊರಗಿನಿಂದಲೇ ಕೇಳಿಸಿಕೊಂಡು ಮುಗಿಸುತ್ತಿದ್ದಳು. ಇದನ್ನು ಹೆಡ್‌ಮಾಸ್ಟರಿಗೆ ತಿಳಿಸಿದೆ.

“ಅವಳನ್ನ ಒಳಗೆ ಕೂರಿಸಿ ಮೇಷ್ಟ್ರೇ. ನಾಳೆಯಿಂದ ನಾನು ನಿಮಗೆ, ನೀವು ನನಗೆ ಪಾಠ ಹೇಳ್ಕೊಂಡು ಕೂರೋಣ,” ಎಂದರು.

ಹಿಂದಿನ ದಿನ ಜಗಲಿಯ ಮಕ್ಕಳಿಗೆ ರಜೆಯನ್ನು ನಾನೇ ಹೇಳಿದೆ.

ತನಿಖೆಯ ಬೆಳಿಗ್ಗೆ ಅವಳು ಬಂದೇಬಿಟ್ಟಳು. ಒಗೆದ ಲಂಗ, ಇದ್ದಿಲು ಉಜ್ಜಿ ಕಪ್ಪಾಗಿಸಿದ ಸ್ಲೇಟು. ಹೊಂಗೆಮರದ ಬಳಿಯೇ ತಡೆದೆ.

“ಇವತ್ತು ರಜ ಅಂದಿರಲಿಲ್ಲವೇನಮ್ಮ?”

“ಪರೀಕ್ಷೆ ಇವತ್ತೇ ಅಂತಲ್ಲ ಸಾ. ಜಗಲೀಲೇ ಬರಿತೀನಿ. ಒಳಕ್ಕೆ ಬರಾಕಿಲ್ಲ.”

ಇನ್ಸ್‌ಪೆಕ್ಟರು ಬರುವ ಬಸ್ಸಿನ ಸದ್ದು ಕೇಳಿಸಿತು. “ಹೋಗು, ಬೇಗ,” ಎಂದೆ. ಹೋದಳು.

ಮಧ್ಯಾಹ್ನ ಇನ್ಸ್‌ಪೆಕ್ಟರು ಹಾಜರಿ ಪುಸ್ತಕ ತಿರುವುತ್ತ, “ಈ ಆರು ಜನ ಎಲ್ಲಿ?” ಎಂದರು.

“ಕಾಡಿಗೆ ಸೌದೆಗೆ ಕಳಿಸಿಬಿಡ್ತಾರೆ ಸ್ವಾಮಿ,” ಎಂದರು ಹೆಡ್‌ಮಾಸ್ಟರು.

ಇನ್ಸ್‌ಪೆಕ್ಟರು ನನ್ನತ್ತ ನೋಡಿದರು. ಹಾಜರಿಯಲ್ಲಿ ಎಂದೂ ಸುಳ್ಳು ಬರೆದವನಲ್ಲ ನಾನು, ಅಂದೂ ಬರೆದಿರಲಿಲ್ಲ. ಅವಳು ಗೈರುಹಾಜರಾಗಿದ್ದುದು ನಿಜವೇ. ಹೌದೆಂದು ತಲೆಯಾಡಿಸಿದೆ. ಅವರು ಷರಾ ಬರೆದರು: ಬೋಧನೆ ತೃಪ್ತಿಕರ; ಕೇರಿಯ ಪೋಷಕರಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲ.

ಮರುದಿನ ಅವಳ ತಂದೆ ಬಂದು ಜಗಲಿಯ ಕೆಳಗೆ ನಿಂತ.

“ಪರೀಕ್ಷೆ ಅಂತ ಎರಡು ತಿಂಗ್ಳಿಂದ ಇವಳ್ನ ಕೂಲಿಗೇ ಕಳಿಸಿರ್ನಿಲ್ಲ. ಯಾಕ್ ಸಾಮಿ ವಾಪಸ್ ಕಳಿಸ್ಬುಟ್ರಿ?”

“ಮುಂದಿನ ವರ್ಷ ನೋಡೋಣಪ್ಪ.”

“ಮುಂದ್ಲೊರ್ಸ ಇನ್ಸ್‌ಪೆಟ್ರು ಬರಾಕಿಲ್ವಾ ಸಾಮಿ?”

ಮುಂದಿನ ಸೋಮವಾರದಿಂದ ಅವಳು ಬರಲಿಲ್ಲ.

ತಿಂಗಳ ಕೊನೆಗೆ, ಹಳ್ಳಿಯ ಶಾಲೆಗಳ ಸುಧಾರಣೆಯನ್ನು ಕುರಿತು ಚಾಮರಾಜನಗರದಲ್ಲಿ ಉಪಾಧ್ಯಾಯರ ಸಭೆ ಸೇರಿತು. ಕೇರಿಯ ಮಕ್ಕಳು ಶಾಲೆ ಬಿಡುವುದಕ್ಕೆ ಹೊಣೆ ಯಾರೆಂಬ ಚರ್ಚೆಯಲ್ಲಿ ನಮ್ಮ ಶಾಲೆಯ ಷರಾವನ್ನೇ ನಿದರ್ಶನವಾಗಿ ಓದಿದರು. ಪೋಷಕರೇ ಹೊಣೆಯೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅಕ್ಷರ ದುಂಡಗಿದೆಯೆಂದು ನಡವಳಿ ಬರೆಯಲು ನನ್ನನ್ನು ಆರಿಸಿದ್ದರು. ಒಂದು ಚಿತ್ತೂ ಇಲ್ಲದಂತೆ ಬರೆದುಕೊಟ್ಟೆ.