ಮರಳು ಮೇಲೆ, ನಕ್ಷತ್ರ ಕೆಳಗೆ

“ಅಮ್ಮಾ, ಮೇಲಿನ ಮನೆ ಕ್ರೋಲ್ ತಾತ ಯಾಕೆ ಕಿಟಕಿ ಪರದೆ ಸುತ್ಕೊಂಡು ಕನ್ನಡಿ ಮುಂದೆ ಹೆದರ್ಕೊತಿದಾರೆ?”

ಐದು ವರ್ಷದ ಹ್ಯಾಟಿ ಸೂಪಿನ ಬಟ್ಟಲು ಕೊಟ್ಟು ಇಳಿದು ಬಂದವಳೇ ಹೀಗೆ ಕೇಳಿದಾಗ ವಿಲ್ಮಾ ಇಸ್ತ್ರಿಯಿಂದ ಕಣ್ಣು ತೆಗೆಯಲಿಲ್ಲ. ತಾತನಿಗೆ ಅದೇ ಕೆಲಸ ಎಂದಳು. ಅದು ನಿಜವೂ ಆಗಿತ್ತು.

ಆನ್ಸೆಲ್ಮ್ ಕ್ರೋಲ್ ಹ್ಯಾಂಬರ್ಗಿನಲ್ಲಿ ಹಡಗಿಗೆ ಬಣ್ಣ ಬಳಿಯುತ್ತಿದ್ದವರು. ಬ್ರೂಕ್ಲಿನ್ನಿಗೆ ಬಂದಮೇಲೆ ಚರ್ಚುಗಳಿಗೆ ದೇವದೂತರನ್ನೂ ಮಾಂಸದಂಗಡಿಗಳಿಗೆ ಹಂದಿಗಳನ್ನೂ ಬರೆದರು. ಊರಲ್ಲಿ ಕೆಲಸವೆಲ್ಲ ನಿಂತ ಕೆಟ್ಟ ವರ್ಷಗಳಲ್ಲಿ ದೇವದೂತರೂ ಬೇಡವಾದರು, ಹಂದಿಗಳೂ ಬೇಡವಾದವು. ಜನಕ್ಕೆ ಬೇಕಾದದ್ದು ಬೇರೆ ಗ್ರಹದ ರಾಕ್ಷಸರು ಮಾತ್ರ. ಅಗ್ಗದ ಕತೆಪತ್ರಿಕೆಯೊಂದರ ಮುಖಪುಟಕ್ಕೆ ತಿಂಗಳಿಗೊಂದು ಚಿತ್ರ. ಅಲ್ಲಿ ಚಿತ್ರ ಮೊದಲು, ಕತೆ ಆಮೇಲೆ. ಇವರು ಏನು ಬರೆದುಕೊಟ್ಟರೂ ಅದಕ್ಕೆ ತಕ್ಕಂತೆ ಕತೆಗಾರನೊಬ್ಬ ಕತೆ ಹೊಸೆಯಬೇಕು.

ಎದುರು ನಿಲ್ಲುವುದಕ್ಕೆ ಬೇರೆ ಯಾರೂ ಇಲ್ಲದ್ದರಿಂದ ಕನ್ನಡಿಯಲ್ಲಿ ಎಲ್ಲರೂ ತಾವೇ. ತೂತಿನ ಪಾತ್ರೆ ಕವುಚಿಕೊಂಡರೆ ಆಕಾಶವೀರ, ಕೈಗವಸಿಗೆ ಹತ್ತಿ ತುಂಬಿ ತೊಟ್ಟರೆ ರಾಕ್ಷಸ, ಪರದೆ ಸುತ್ತಿದರೆ ಅವನ ಕೈಗೆ ಸಿಕ್ಕ ಸುಂದರಿ. ಹೀಗಾಗಿ ಅವರ ಸುಂದರಿಯರಿಗೆಲ್ಲ ಹಡಗುಕಟ್ಟೆಯ ಭುಜ, ಅಗಲ ದವಡೆ. ಸಂಪಾದಕ ಬೆಲ್ಡನ್, ಈ ಹೆಂಗಸನ್ನು ನೋಡಿದರೆ ರಾಕ್ಷಸನ ಮೇಲೆ ಕನಿಕರ ಬರುತ್ತದೆ ಎಂದಿದ್ದ. ಬರುವ ಸೋಮವಾರ ಕೊಡಬೇಕಾದ ಚಿತ್ರದಲ್ಲಿ ಹೆಣ್ಣು ಹೆಣ್ಣಿನ ಹಾಗಿರದಿದ್ದರೆ ಇನ್ನು ಮುಂದೆ ಮುಖಪುಟ ಬೇರೆಯವರಿಗೆ.

ಇದನ್ನೆಲ್ಲ ಕ್ರೋಲ್ ಸಂಜೆ ಬಟ್ಟಲು ಹಿಂತಿರುಗಿಸಲು ಬಂದಾಗ ಹೇಳಿದರು. ಹೇಳಿ ಮುಗಿದರೂ ಹೋಗದೆ ಬಾಗಿಲಲ್ಲೇ ನಿಂತರು. ವಿಲ್ಮಾಳಿಗೆ ಅರ್ಥವಾಯಿತು.

ಮೂರು ಮಧ್ಯಾಹ್ನ ಅವಳು ಅವರ ಮನೆಯ ಸ್ಟೂಲಿನ ಮೇಲೆ ಕೈಯೆತ್ತಿ ನಿಂತು ಹೆದರಿದಳು.

“ಹೆದರಿಕೆ ಸಾಲ್ದು, ಮಿಸೆಸ್ ಡಾರ್ಸಿ.”

“ಒಲೆ ಮೇಲೆ ಬೀನ್ಸ್ ಇಟ್ಟು ಬಂದಿದೀನಿ ಮಿಸ್ಟರ್ ಕ್ರೋಲ್, ಸೀದುಹೋಗಿರುತ್ತೆ.”

“ಹಾಂ, ಈಗ ಬಂತು ಮುಖಕ್ಕೆ. ಬೀನ್ಸನ್ನೇ ನೆನೀತಿರಿ.”

ಶನಿವಾರಕ್ಕೆ ಚಿತ್ರ ಮುಗಿಯಿತು. ಕೆಳಗೆ ಬರೀ ಹಳದಿ ಮರಳು. ಅದರಿಂದೆದ್ದ ರಾಕ್ಷಸ ವಿಲ್ಮಾಳನ್ನು ನಕ್ಷತ್ರಗಳ ನಡುವೆ ಎತ್ತಿ ಹಿಡಿದಿದ್ದಾನೆ. ಎಲ್ಲಕ್ಕಿಂತ ಮೇಲೆ, ಅಂಚಿಗೆ ತಾಗುವಂತೆ ಅವಳ ಮುಖ. ಅವಳಿಗೇ ಸ್ವಲ್ಪ ನಾಚಿಕೆಯಾಗುವಷ್ಟು ಚೆನ್ನಾಗಿತ್ತು. ಆದರೂ, ಪತ್ರಿಕೆಯ ಹೆಸರು ಎಲ್ಲಿ ಅಚ್ಚಾಗುತ್ತದೆ ಎಂದು ಕೇಳಿದಳು.

ಕ್ರೋಲ್ ಕುಂಚ ಹಿಡಿದಂತೆಯೇ ಕುಳಿತುಬಿಟ್ಟರು. ಮೇಲಿನ ಮೂರನೇ ಒಂದು ಭಾಗ ಹೆಸರಿನ ಕೆಂಪು ಅಕ್ಷರಗಳಿಗೆ ಮೀಸಲು. ಅಲ್ಲಿ ಖಾಲಿ ಆಕಾಶ ಬಿಡಬೇಕು. ನಿಜವಾದ ಹೆಣ್ಣುಮುಖ ಸಿಕ್ಕ ಸಂಭ್ರಮದಲ್ಲಿ ಅದನ್ನೇ ಮರೆತಿದ್ದರು. ಹೆಸರು ಕೂತರೆ ವಿಲ್ಮಾಳ ಹಣೆಯಿಂದ ಕತ್ತಿನವರೆಗೆ ಏನೂ ಉಳಿಯದು. ಹೊಸದಾಗಿ ಬರೆಯಲು ವಾರ ಬೇಕು.

“ಇಷ್ಟು ದಿನ ಹೆಣ್ಣಿರ್ಲಿಲ್ಲ, ತಲೆ ಇತ್ತು,” ಎಂದರು ಕ್ರೋಲ್. “ಈಗ ಹೆಣ್ಣು ಸಿಕ್ತು, ತಲೆ ಹೋಯ್ತು.”

ಮಗಳ ಅಂಗಿ ಹಿಂದುಮುಂದಾಗಿದ್ದರೆ ತಿರುಗಿಸಿ ತೊಡಿಸುವಷ್ಟೇ ಸಲೀಸಾಗಿ ವಿಲ್ಮಾ ಚಿತ್ರವನ್ನೆತ್ತಿ ತಲೆಕೆಳಗು ಮಾಡಿ ನಿಲ್ಲಿಸಿದಳು. ಮರಳು ಮೇಲಾಯಿತು. ರಾಕ್ಷಸ ಅದಕ್ಕೆ ಬಾವಲಿಯಂತೆ ಜೋತುಬಿದ್ದ. ಅವನ ಕೈಯಲ್ಲಿದ್ದ ಹೆಣ್ಣು ನಕ್ಷತ್ರಗಳ ಬಾವಿಗೆ ಬೀಳುತ್ತಿದ್ದಳು. ಹೆಸರಿಗೆ ಹಳದಿ ಜಾಗ ಬೇಕಾದಷ್ಟಿತ್ತು.

ಕ್ರೋಲ್ ತಮ್ಮ ಸಹಿಯನ್ನು ಒರೆಸಿ ನೇರವಾಗಿ ಬರೆದರು, ಅವಳ ಕೂದಲನ್ನು ಕೆಳಕ್ಕೆ ಇಳಿಬಿಟ್ಟರು. ಹಾಗಾದರೆ ಲಂಗವೂ ಇಳಿಯಬೇಕಲ್ಲವೇ ಎಂದು ಅವರು ಕೇಳಿದ್ದಕ್ಕೆ ವಿಲ್ಮಾ, ಆ ಗ್ರಹದಲ್ಲಿ ಲಂಗ ಇಳಿಯುವುದಿಲ್ಲ ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಸೋಮವಾರ ಮಧ್ಯಾಹ್ನ ಕ್ರೋಲ್ ಟೋಪಿ ಕೈಯಲ್ಲಿ ಹಿಡಿದು ಬಂದರು. ಬೆಲ್ಡನ್ ಹೆಣ್ಣನ್ನು ಒಪ್ಪಿದ್ದ, ಮುಂದಿನ ಮೂರು ಮುಖಪುಟ ಇವರಿಗೇ ಎಂದಿದ್ದ. ಆದರೆ ಕತೆಗಾರ ಚಿತ್ರವನ್ನು ಒಂದು ಗಂಟೆ ನೋಡಿ, ತನ್ನಿಂದಾಗದು ಎಂದು ಪೆನ್ಸಿಲು ಕೆಳಗಿಟ್ಟಿದ್ದ. ಕತೆಯಿಲ್ಲದಿದ್ದರೆ ಚಿತ್ರ ವಾಪಸು.

“ತಿರುಗಿಸಿದ್ದು ನೀವಲ್ವಾ, ಮಿಸೆಸ್ ಡಾರ್ಸಿ, ಅದಕ್ಕೇ ಒಂದು ಉಪಕಾರ ಕೇಳ್ತೀನಿ,” ಎಂದರು. “ಅಲ್ಲಿ ಮರಳು ಯಾಕೆ ಮೇಲಿದೆ ಅಂತ ನಾಳೆ ಬೆಳಿಗ್ಗೆಯೊಳಗೆ ಒಂದು ಕಾರಣ ಹುಡುಕಿ ಕೊಡ್ತೀರಾ?”