ನಾನು ಹೇಳದೆ ಕೂತ ಒಂದು ತಾಸು

ಅಥಣಿ ರಸ್ತೆಯ ನಮ್ಮ ಮನೆಯ ಮುಂದಿನ ಕೋಣೆಯೇ ಯಜಮಾನರ ರಕ್ತ ಪರೀಕ್ಷೆಯ ಲ್ಯಾಬ್. ಆ ಬೆಳಿಗ್ಗೆ ಎಲ್ಲರ ವರದಿಗಳಿರುವ ಸರ್ವರ್ ಕಂಪ್ಯೂಟರಿನಲ್ಲಿ, ಅವನ್ನು ಹುಡುಕಿ ಕೊಡುವ ಡೇಟಾಬೇಸ್ ಶುರುವಾಗಲೇ ಇಲ್ಲ. ಯಜಮಾನರು ಅದನ್ನು ಆರಿಸಿ ಹಚ್ಚಿದರು, ಮತ್ತೆ ಆರಿಸಿ ಹಚ್ಚಿದರು. ಪರದೆಯ ಮೇಲೆ ಅದೇ ಕೆಂಪು ಸಾಲು.

ಬೆಂಚಿನ ಮೇಲೆ ತಿಕೋಟಾದ ಹೆಣ್ಣುಮಗಳೊಬ್ಬಳು ಗಂಡನ ಜೊತೆ ಕೂತಿದ್ದಳು. ಹನ್ನೆರಡಕ್ಕೆ ಪಿತ್ತಕೋಶದ ಆಪರೇಷನ್. ಹಿಂದಿನ ದಿನ ಕೊಟ್ಟ ರಕ್ತದ ವರದಿ ಇಲ್ಲದೆ ಡಾಕ್ಟರು ಮುಟ್ಟುವುದಿಲ್ಲ. ಇವತ್ತು ತಪ್ಪಿದರೆ ಮುಂದಿನ ವಾರ. ಅವಳು ರಾತ್ರಿಯಿಂದ ಗುಟುಕು ನೀರೂ ಕುಡಿದಿರಲಿಲ್ಲ.

"ಯಕ್ಕಾ, ನಿಮ್ಮ ಮಷೀನೂ ನನ್ನಂಗ ಉಪಾಸ ಐತೇನ್ರಿ?" ಎಂದು ಹೊಟ್ಟೆ ಹಿಡಿದುಕೊಂಡೇ ನಕ್ಕಳು.

ಹತ್ತು ಗಂಟೆಗೆ ಜೋರಾಪುರ ಪೇಟೆಯಿಂದ ರಿಪೇರಿಯವರು ಬಂದರು. ವೈರು ಬಿಚ್ಚಿದರು, ಜೋಡಿಸಿದರು. ನಾನು ದೇವರ ಮುಂದೆ ಕೂತೆ.

ನನಗೆ ಆಗಲೇ ಅನುಮಾನವಿತ್ತು. ಫೋನು ತುಂಬಿದಾಗಲೆಲ್ಲ ಶ್ರಾವಣದ ಪ್ರವಚನಗಳ ವಿಡಿಯೋಗಳನ್ನು ಆ ಕಂಪ್ಯೂಟರಿಗೆ ಹಾಕುತ್ತಿದ್ದೆ. "ಅದರಾಗ ಏನೂ ತುರುಕಬ್ಯಾಡ" ಎಂದು ಯಜಮಾನರು ಎಷ್ಟೋ ಸಲ ಹೇಳಿದ್ದರು. ಹಿಂದಿನ ಸಂಜೆ ಹಾಕುವಾಗ ಜಾಗವಿಲ್ಲವೆಂದು ತೋರಿಸಿತ್ತು; ನೋಡದವಳಂತೆ ಎದ್ದು ಬಂದಿದ್ದೆ. ಈಗ ಹೇಳಿದರೆ ನಾಲ್ಕು ಜನರ ಮುಂದೆ ಬೈಸಿಕೊಳ್ಳಬೇಕು. ಬಾಯಿ ಬಿಡುವ ಬದಲು ಜಪ ಮಾಡಿದೆ.

ಹನ್ನೊಂದಾಯಿತು. ಹೊರಗೆ ಬಂದರೆ ಬೆಂಚಿನವಳು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ತುಟಿ ಬೆಳ್ಳಗಾಗಿತ್ತು. ನನ್ನಿಂದ ನೋಡಲಾಗಲಿಲ್ಲ.

"ಅಣ್ಣಾರ, ಒಳಗ ಜಾಗಾ ಇರಲಿಕ್ಕಿಲ್ಲ ನೋಡ್ರಿ. ನನ್ನ ಪ್ರವಚನ ಅದಾವು ಅದರಾಗ."

ರಿಪೇರಿಯವರು ತೆರೆದು ನೋಡಿದರು. "ಯವ್ವಾ! ಸೂಜಿ ಇಡಾಕೂ ಜಾಗಾ ಬಿಟ್ಟಿಲ್ಲಲ್ರಿ! ಚಾಲೂ ಆಗೂಮುಂದ ಡೇಟಾಬೇಸಿಗೆ ಬರಕೊಳ್ಳಾಕ ಜಾಗಾ ಬೇಕ್ರಿ. ಅರ್ಧ ಅಳಸ್ಲೇನು? ಕಾಪಿ ತಗಿಯಾಕ ಹೊತ್ತಿಲ್ಲ."

"ಅಳಸ್ರಿ."

"ಯಾವ್ವ್ರಿ?"

"ಕೈಗೆ ಸಿಕ್ಕವು."

ಅಳಿಸಿದ ಮೇಲೆ ಎರಡನೆಯ ಸಲಕ್ಕೆ ಡೇಟಾಬೇಸ್ ಶುರುವಾಯಿತು. ವರದಿ ಬಂತು. ಗಂಡ ಅವಳ ರಟ್ಟೆ ಹಿಡಿದು ಆಟೋ ಹತ್ತಿಸಿದ.

ಎಲ್ಲರೂ ಹೋದ ಮೇಲೆ ಯಜಮಾನರು ಕೇಳಿದರು, "ಮೊದಲ ಯಾಕ ಹೇಳಲಿಲ್ಲ?"

"ಮಂದಿ ಮುಂದ ಬೈತೀರಂತ."

"ಬೈದ್ರ ಎಷ್ಟೊತ್ತು ಬೈತಿದ್ದೆ? ಎರಡ ಮಿನಿಟ. ಆಕಿ ಒಂದ ತಾಸ ಕುಂತ್ಳು."

ಅಷ್ಟೇ ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಆಪರೇಷನ್ ಸರಿಯಾಗಿ ಆಯಿತೆಂದು ಸಂಜೆ ಅವಳ ಗಂಡನ ಫೋನು ಬಂತು. ಅದು ದೇವರ ಕರುಣೆ. ಅರ್ಧ ಪ್ರವಚನ ಉಳಿದದ್ದೂ ಕರುಣೆಯೇ. ಅವನ್ನು ಹಚ್ಚಿ ಕೇಳಲು ಮಾತ್ರ ಇನ್ನೂ ಮನಸ್ಸಾಗಿಲ್ಲ.